ಎಡಗಾಲಿನ ಹಿಮ್ಮಡಿ

ಫ್ರಿಜ್ಜಿನ ಬಾಗಿಲು ತೆಗೆಯಬೇಕೆಂದರೆ ತನ್ನದೇ ನಗುಮುಖದ ಪಕ್ಕಕ್ಕೆ ಕೈ ಹಾಕಬೇಕಾಗಿತ್ತು. ನಿನ್ನೆ ಸಂಜೆ ಅಮ್ಮ ಊರಿನ ವಾರಪತ್ರಿಕೆಯಿಂದ ಫೋಟೋ ಕತ್ತರಿಸಿ, ಮನೆಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಹಿಡಿಕೆಯ ಬದಿಗೇ ಅಂಟಿಸಿದ್ದಳು. ರೋವೆನಾ ಹಾಲಿಗೆಂದು ಎರಡು ಸಲ ಎದ್ದು, ಎರಡು ಸಲವೂ ಫ್ರಿಜ್ಜಿನ ತನಕ ಹೋಗಿ ವಾಪಸು ಬಂದು, ಕೊನೆಗೆ ಕಪ್ಪು ಕಾಫಿಯನ್ನೇ ಕುಡಿದಳು. ಕಹಿ. ಒಳ್ಳೆಯದೇ ಆಯಿತು, ಕಹಿ ಕುಡಿಯಬೇಕಾದವಳೇ ತಾನು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಮತ್ತೆ ತನ್ನ ಮೇಲೇ ಸಿಟ್ಟು ಬಂತು. ಹಾಲಿಲ್ಲದ ಕಾಫಿ ಕುಡಿದರೆ ತೀರಿಹೋಗುವ ಪಾಪವೇ ಅದು? ಫೋಟೋದಲ್ಲಿ ಶಾಲೆಯ ಚಿಯರ್ ತಂಡದ ಕೋರಾಲೀ ಎಲ್ಲರಿಗಿಂತ ಮೇಲೆ ಒಂಟಿ ಎಡಗಾಲಿನಲ್ಲಿ ನಿಂತಿದ್ದಾಳೆ, ಬಲಗಾಲನ್ನು ಕಿವಿಯ ತನಕ ಎತ್ತಿ ಹಿಡಿದಿದ್ದಾಳೆ. ಆ ಎಡಗಾಲನ್ನು ಹೊತ್ತವರು ಕೆಳಗೆ ಮೂವರು. ಟ್ವೈಲಾ ಮತ್ತು ಡೆಸ್ಸಾ ಇಬ್ಬರದೂ ಬರೀ ಕತ್ತು, ಗದ್ದ, ಹಿಂದಕ್ಕೆ ಬಾಗಿದ ತಲೆ. ಮೂರನೆಯವಳದು ಮಾತ್ರ ಪೂರ್ತಿ ಮುಖ. ಹಲ್ಲು, ಕೆನ್ನೆಯ ಗುಳಿ, ತಲೆಯ ನೀಲಿ ರಿಬ್ಬನ್ನು ಸಮೇತ. "ಎರಡು ವರ್ಷದಿಂದ ನಿನ್ನ ಮೂಗಿನ ಹೊಳ್ಳೆ ನೋಡಿ ನೋಡಿ ಸಾಕಾಗಿತ್ತು ಕಣೇ," ಎಂದಿದ್ದಳು ಅಮ್ಮ, ಕತ್ತರಿ ಆಡಿಸುತ್ತ. "ಮುಖ ಅಂದ್ರೆ ಇದು ಮುಖ! ನಿಮ್ಮಜ್ಜಿಗೂ ಒಂದು ಇಟ್ಟಿದೀನಿ. ಆ ಹುಡುಗಿ ಆಮೇಲೆ ಬಿದ್ಲಂತಲ್ಲ, ಪಾಪ. ಬೀಳೋಕ್ ಮುಂಚೆನೇ ತೆಗೆದಿದಾನೆ ನೋಡು, ಚೆನ್ನಾಗಿ ಬಂದಿದೆ." ಬೀಳುವುದಕ್ಕೆ ಮುಂಚೆ. ಎಷ್ಟು ಮುಂಚೆ ಎಂದು ರೋವೆನಾಳಿಗೆ ಗೊತ್ತಿತ್ತು. ಒಂದು ಎಣಿಕೆಯಷ್ಟು, ಎಂಟರವರೆಗೆ ಎಣಿಸುವುದರಲ್ಲಿ ಐದಕ್ಕೂ ಆರಕ್ಕೂ ನಡುವೆ.

ಅಮ್ಮನ ಹಳೇ ಟ್ರಕ್ಕಿನಲ್ಲಿ ಶಾಲೆಗೆ ಹೊರಟಾಗ ಗುಡ್ಡದ ನೆರಳಿನಲ್ಲಿ ಹಿಮ ಇನ್ನೂ ಕೊಳಕಾಗಿ ಬಿದ್ದಿತ್ತು. ಅಮ್ಮ ವೃದ್ಧಾಶ್ರಮದ ಅಡುಗೆಮನೆಯ ಬಿಳಿ ಅಂಗಿ ತೊಟ್ಟು ಏನೋ ಗುನುಗುತ್ತಿದ್ದಳು. ಅವಳು ಖುಷಿಯಲ್ಲಿದ್ದಳು, ಅದೂ ತನ್ನಿಂದಾಗಿ. ಅದೇ ರೋವೆನಾಳಿಗೆ ತಡೆಯದಾಯಿತು. ತಾನು ಬಯಸಿದ್ದಾದರೂ ಏನನ್ನು? ತಾನು ಒಂಬತ್ತನೇ ತರಗತಿಯಲ್ಲಿದ್ದಾಗ, ತಂಡದ ಆಯ್ಕೆಯ ದಿನ, ತರಬೇತಿ ಕೊಡುವ ಮಿಸ್ ವರ್ನಾ ಸಾಲಾಗಿ ನಿಂತ ಹುಡುಗಿಯರನ್ನು ನೋಡುತ್ತ ಬಂದು, ಇವಳ ಹೆಗಲ ಮೇಲೆ ಅಂಗೈ ಊರಿ ಒತ್ತಿ, "ಇದಪ್ಪ ಭುಜ!" ಎಂದಿದ್ದರು. ಆವತ್ತು ಹೆಮ್ಮೆಯಾಗಿತ್ತು, ನಾಚಿಕೆಯೂ ಆಗಿತ್ತು, ಎರಡೂ ಒಟ್ಟಿಗೇ. ಪಕ್ಕದಲ್ಲಿದ್ದ, ಒಂದು ತರಗತಿ ಮೇಲಿನ ಕೋರಾಲೀಯನ್ನು ಎರಡು ಬೆರಳಿನಲ್ಲಿ ಎತ್ತುವವರ ಹಾಗೆ ಸೊಂಟ ಹಿಡಿದು ಎತ್ತಿ ನೋಡಿ, "ನೀನು ಮೇಲೆ," ಎಂದಿದ್ದರು. ಅಷ್ಟೇ, ತೀರ್ಮಾನವಾಗಿ ಹೋಯಿತು. ಕೆಂಟಕಿಯ ಈ ಮೂಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಲು ಬಾರದವರೇ ಇಲ್ಲ, ಆಟದ ಅರ್ಧ ವಿರಾಮದಲ್ಲಿ ಕುಣಿದು, ಒಬ್ಬರ ಮೇಲೊಬ್ಬರು ಹತ್ತಿ ಹುರಿದುಂಬಿಸುವ ಚಿಯರ್ ತಂಡವನ್ನು ನೋಡದೆ ಎದ್ದುಹೋಗುವವರೂ ಕಡಿಮೆ. ಆದರೆ ಅವರು ನೋಡುವುದು ಮೇಲಿನವಳನ್ನು. ಹೋದ ವರ್ಷ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಫೋಟೋ ಬಂದಾಗ ಚಿಕ್ಕಮ್ಮ ಕನ್ನಡಕ ಏರಿಸಿ ಹುಡುಕಿ ಹುಡುಕಿ, "ಇದ್ರಲ್ಲಿ ನೀನೆಲ್ಲಿದೀಯೇ?" ಎಂದು ಕೇಳಿದ್ದಳು. ರೋವೆನಾ ಒಂದು ಗಂಟಲನ್ನು ಬೆರಳಿಟ್ಟು ತೋರಿಸಿದ್ದಳು. "ಓ," ಎಂದು ಚಿಕ್ಕಮ್ಮ ಪುಟ ತಿರುಗಿಸಿದ್ದಳು. ಆ "ಓ" ಎಂಬ ಒಂದಕ್ಷರ ಇಷ್ಟು ದಿನ ಹೊಟ್ಟೆಯೊಳಗೆ ಕುಳಿತಿತ್ತೇ? ಇದ್ದರೂ ಇರಬಹುದು. ಇಲ್ಲದಿದ್ದರೆ ಕ್ಯಾಮೆರಾ ಎತ್ತಿದ ಪತ್ರಿಕೆಯ ಮುದುಕ ಹೋಬರ್ಟನ ಕಡೆಗೆ, ಎರಡು ವರ್ಷದಲ್ಲಿ ಒಮ್ಮೆಯೂ ತಿರುಗದಿದ್ದ ಕತ್ತು ಯಾಕೆ ತಿರುಗಬೇಕಿತ್ತು? "ಜನ ನಿಮ್ಮನ್ನ ನೋಡ್ತಾರೆ, ನೀವು ಜನರನ್ನ ನೋಡೋ ಹಾಗಿಲ್ಲ. ಕೆಳಗಿನವರಿಗೆ ಜನ ಅಂತ ಇರೋದು ಒಬ್ಳೇ. ಅವಳು ಮೇಲಿದಾಳೆ," ಎಂದು ಮೊದಲ ದಿನದಿಂದ ಮಿಸ್ ವರ್ನಾ ಹೇಳಿಕೊಟ್ಟಿದ್ದ ಮಾತು. ಕೆಳಗಿನವಳ ಕಣ್ಣು ಮೇಲಿನವಳ ಸೊಂಟದಲ್ಲಿ ನೆಟ್ಟಿರಬೇಕು. ಸೊಂಟ ಎತ್ತ ವಾಲುತ್ತದೋ ಕೈ ಅತ್ತ ಹೋಗಬೇಕು.

"ಇಳಿಯೇ, ಬಂತು," ಎಂದಳು ಅಮ್ಮ. "ಯಾಕೆ ಮುಖ ಹೀಗೆ? ಶನಿವಾರದ ಪಂದ್ಯದ ದಿಗಿಲಾ?" ಹೌದು ಎಂದಳು. ಸುಳ್ಳೂ ಅಲ್ಲ. ಶನಿವಾರ ಲೆಕ್ಸಿಂಗ್ಟನ್ನಿನಲ್ಲಿ ಚಿಯರ್ ತಂಡಗಳ ಪಂದ್ಯ, ಆ ಪಂದ್ಯದಲ್ಲಿ ಮೇಲೆ ನಿಲ್ಲುವವಳು ಕೋರಾಲೀ ಅಲ್ಲ. ಹನ್ನೆರಡನೇ ತರಗತಿಯ ಕೋರಾಲೀಗೆ ಇದೇ ಕೊನೆಯ ವರ್ಷ. ಸೋಮವಾರ ಮಿಸ್ ವರ್ನಾ ಬೇಸರದಿಂದಲೇ, ಆದರೆ ಎಲ್ಲರ ಎದುರಿಗೇ, "ನೀನು ಮೇಲೆ ಸಡಿಲ ಬಿಡ್ತಿದೀಯಮ್ಮ. ಮೊಣಕಾಲು ಬಾಗ್ತು, ಎಲ್ಲರೂ ನೋಡಿದಾರೆ. ಈ ಸಲ ಬರ್ಡಿ ಹತ್ಲಿ," ಎಂದುಬಿಟ್ಟಿದ್ದರು. ಕೋರಾಲೀ "ಸರಿ ಮಿಸ್" ಎಂದಿದ್ದಳು. ಅವಳು ಅಷ್ಟೇ ಅಂದದ್ದು.

ಕಾರಿಡಾರಿನಲ್ಲಿ ಆಫೀಸಿನ ಎದುರಿನ ಹಲಗೆಗೆ ಅದೇ ಫೋಟೋವನ್ನು ದೊಡ್ಡದು ಮಾಡಿ ಹಾಕಿದ್ದರು. ಜೀವಶಾಸ್ತ್ರದ ಮೇಷ್ಟ್ರು ದಾಟುವಾಗ, "ಏನಮ್ಮ, ಸಿನಿಮಾ ತಾರೆ!" ಎಂದರು. ಶಾಲೆಯ ಬಸ್ಸಿನ ಡ್ರೈವರು ಟೋಪಿ ಎತ್ತಿದ. ಇವರಿಗೆಲ್ಲ ಕಣ್ಣಿಲ್ಲವೇ ಎಂದು ರೋವೆನಾಳಿಗೆ ಆಶ್ಚರ್ಯ. ಗೋಡೆಯಗಲ ಹಾಕಿದೆ, ಕೆಳಗಿನವಳು ಮೇಲೆ ನೋಡುತ್ತಿಲ್ಲ ಎಂಬುದು ಯಾರಿಗೂ ಕಾಣುವುದಿಲ್ಲ. ನಗು ಕಾಣುತ್ತದೆ. ಈ ಕಸುಬು ಗೊತ್ತಿದ್ದವರು ಮಾತ್ರ ಕಂಡುಹಿಡಿಯಬಲ್ಲರು, ಅಂಥವರು ಈ ಶಾಲೆಯಲ್ಲಿ ಹದಿನೇಳು ಜನ. ಹದಿನಾರು ಹುಡುಗಿಯರು, ಒಬ್ಬರು ಮಿಸ್ ವರ್ನಾ. ಹುಡುಗಿಯರು ಫೋಟೋದಲ್ಲಿ ತಂತಮ್ಮ ಮುಖವನ್ನೇ ಹುಡುಕಿಕೊಂಡಿದ್ದರು. ಮಿಸ್ ವರ್ನಾ ಇನ್ನೂ ನೋಡಿರಲಿಕ್ಕಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವುದು ಸುಮ್ಮನೆ ಅಲ್ಲ. ಆ ಹಲಗೆಯ ಮುಂದೆ ಯಾರೇ ಎರಡು ಕ್ಷಣ ಹೆಚ್ಚು ನಿಂತರೂ ಅವಳ ಕಿವಿ ಬಿಸಿಯಾಗುತ್ತಿತ್ತು. ಹಲಗೆ ದಾಟಿ ಮೂಲೆ ತಿರುಗಿದರೆ ಕೋರಾಲೀ. ತನ್ನ ಪುಸ್ತಕದ ಬೀರುವಿನ ಎದುರು, ಕೈಯಲ್ಲಿ ಗಣಿತದ ಪುಸ್ತಕ ಹಿಡಿದು, ಒಂಟಿ ಎಡಗಾಲಿನಲ್ಲಿ ನಿಂತಿದ್ದಳು.

ಈ ವಾರವೆಲ್ಲ ಅವಳು ಹೀಗೆಯೇ. ನಲ್ಲಿಯ ಹತ್ತಿರ ಒಂಟಿ ಕಾಲು, ಬಸ್ಸಿಗೆ ಕಾಯುವಾಗ ಒಂಟಿ ಕಾಲು. ಕೊಕ್ಕರೆ ಎಂದು ಹುಡುಗರು ಅಣಕಿಸಿದರೂ ಕೇರಿಲ್ಲ. ಮೊಣಕೈಯ ಮೇಲಿನ ನೀಲಿ ಗಾಯ ಹಳದಿಗೆ ತಿರುಗಿತ್ತು. "ರೋ, ನೋಡೇ ಇಲ್ಲಿ," ಎಂದಳು, ಇವಳನ್ನು ಕಂಡವಳೇ. "ಎರಡು ನಿಮಿಷ ಆಯ್ತು. ಮೊಣಕಾಲು ಬಾಗ್ತಿದೆಯಾ? ಸರಿಯಾಗ್ ನೋಡಿ ಹೇಳು." ರೋವೆನಾ ನೋಡಿದಳು. ಆ ಕಾಲು ಕಂಬದ ಹಾಗೆ ನಿಂತಿತ್ತು. ಅದು ಯಾವತ್ತೂ ಹಾಗೆಯೇ ನಿಂತಿದ್ದದ್ದು. ಎರಡು ವರ್ಷ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹೊತ್ತವಳಿಗೆ ಅದು ಗೊತ್ತಿಲ್ಲವೇ. "ಇಲ್ಲ, ಬಾಗ್ತಿಲ್ಲ," ಎಂದಳು. "ಅದೇ ನಂಗೂ ಅರ್ಥ ಆಗಲ್ಲ ಕಣೇ. ಇಲ್ಲಿ ಬಾಗಲ್ಲ. ಅವತ್ತು ಯಾಕೆ ಬಾಗ್ತು? ನಮ್ಮಪ್ಪ ಹೇಳ್ತಾರೆ, ನೀನು ಈ ಕಾಲೇಜು, ಅರ್ಜಿ ಅಂತ ಏನೇನೋ ಯೋಚ್ನೆ ಮಾಡ್ತಿದ್ದೆ ಅಂತ. ನಾನೇನೂ ಯೋಚ್ನೆ ಮಾಡ್ತಿರ್ಲಿಲ್ಲಪ್ಪ. ನಂಗೆ ನೆನಪಿದ್ದ ಹಾಗೆ." ಆ ಕೊನೆಯ ಮಾತು ಹೇಳುವಾಗ ಅವಳ ದನಿ ಇಳಿದಿತ್ತು. ಈಗ ಹೇಳಬೇಕು, ಈಗಲೇ, ಎಂದು ರೋವೆನಾ ಬಾಯಿ ತೆರೆದಳು. ಬಾಯಿಗೆ ಯಾರೋ ಕಡುಬು ತುರುಕಿದಂತಾಯಿತು. "ಗಂಟೆ ಹೊಡೀತು," ಎಂದಳು. ಗಂಟೆ ನಿಜಕ್ಕೂ ಹೊಡೆದಿತ್ತು. ಅದರ ನೆಪ ಸಿಕ್ಕಿದ್ದಕ್ಕೆ ಸಮಾಧಾನವಾಯಿತು. ಥೂ, ಎಂಥ ಸಮಾಧಾನ!

ಇತಿಹಾಸದ ತರಗತಿಯಲ್ಲಿ ಕುಳಿತು ಅವಳು ಮತ್ತೆ ಕೋರಾಲೀ ಬಿದ್ದ ಆ ಶುಕ್ರವಾರಕ್ಕೆ ಹೋದಳು. ಬಿದ್ದದ್ದಕ್ಕಿಂತ ಬಿದ್ದ ಮೇಲಿನದು ಅವಳನ್ನು ತಿನ್ನುತ್ತಿತ್ತು. ಮಿಸ್ ವರ್ನಾರ ತಂಡದಲ್ಲಿ ಒಂದು ಪದ್ಧತಿ. ಯಾರಾದರೂ ಬಿದ್ದರೆ, ತಪ್ಪು ಯಾರದೋ ಅವಳು ಕೂಡಲೇ ಕೈ ಎತ್ತಿ "ನಂದು" ಅನ್ನಬೇಕು. ಯಾಕಾಯಿತು, ಹೇಗಾಯಿತು ಎಂದು ಯಾರೂ ಕೇಳುವ ಹಾಗಿಲ್ಲ. ಕೈ ಎತ್ತಿದರೆ ಅಲ್ಲಿಗೆ ಮುಗಿಯಿತು, ಆ ಮಾತು ಮತ್ತೆ ಮನೆಯಲ್ಲೂ ಆಡಬಾರದು, ಬಸ್ಸಿನಲ್ಲೂ ಆಡಬಾರದು. ಎದ್ದು ಮತ್ತೆ ಹತ್ತಬೇಕು. ಅದರಿಂದಲೇ ಈ ತಂಡದಲ್ಲಿ ಜಗಳ ಕಡಿಮೆ. ಒಂದೊಂದು ದಿನ ಹತ್ತು ಸಲ ಬೀಳುತ್ತಿದ್ದರು, ಹತ್ತು ಸಲ "ನಂದು". ಡೆಸ್ಸಾ ಅಂತೂ ಸುಮ್ಮನೆ ಸೀನಿದರೂ ಕೈ ಎತ್ತಿ "ನಂದು" ಎನ್ನುತ್ತಿದ್ದಳು. ರೋವೆನಾ ತಾನೇ ಎಷ್ಟು ಸಲ ಅಂದಿಲ್ಲ! ಆದರೆ ಆ ಶುಕ್ರವಾರ ಅಭ್ಯಾಸವಲ್ಲ, ಊರೇ ಕೂತಿತ್ತು. ಕತ್ತು ತಿರುಗಿತು, ಕತ್ತಿನ ಜೊತೆ ಭುಜ ತಿರುಗಿತು, ಭುಜದ ಜೊತೆ ಅಂಗೈ ಒಂದು ಅಂಗುಲ ಇಳಿಯಿತು. ಒಂದೇ ಅಂಗುಲ. ಮೇಲೆ ಕೋರಾಲೀಯ ಹಿಮ್ಮಡಿಗೆ ನೆಲವೇ ಹೋಯಿತು, ಮೊಣಕಾಲು ಬಾಗಿತು, ಊರಿಗೆ ಕಂಡದ್ದು ಆ ಮೊಣಕಾಲು. ಹಿಂದೆ ನಿಂತಿದ್ದ ಡೆಸ್ಸಾ ಹಾರಿ ಬಿದ್ದು ಅವಳ ತಲೆಯನ್ನು ಎದೆಗೆ ಅವಚಿಕೊಂಡಳು, ಇಲ್ಲದಿದ್ದರೆ ಏನಾಗುತ್ತಿತ್ತೋ. ಆಮೇಲೆ ಒಂದು ಉಸಿರಿನಷ್ಟು ಮೌನ. ಆ ಮೌನದಲ್ಲಿ ರೋವೆನಾಳ ಬಲಗೈ ಏಳತೊಡಗಿತ್ತು, ಇದು ಖಂಡಿತ, ದೇವರಾಣೆಗೂ ಏಳತೊಡಗಿತ್ತು. ಸೊಂಟದ ತನಕ ಬಂದಿತ್ತು. ಅಷ್ಟರಲ್ಲಿ ಮ್ಯಾಟಿನ ಮೇಲೆ ಬಿದ್ದಿದ್ದ ಕೋರಾಲೀ, ನೋವಿಗೆ ಮುಖ ಕಿವಿಚಿಕೊಂಡೇ, ತನ್ನ ಕೈಯನ್ನು ಗಾಳಿಗೆ ಎತ್ತಿ, "ನಂದು," ಎಂದಳು. ಜನ ಚಪ್ಪಾಳೆ ತಟ್ಟಿದರು. ಸೊಂಟದ ತನಕ ಬಂದಿದ್ದ ಕೈ, ಸ್ಕರ್ಟು ಸರಿಪಡಿಸಿಕೊಳ್ಳುವುದಕ್ಕೇ ಎದ್ದಿತ್ತು ಎಂಬಂತೆ, ಸ್ಕರ್ಟು ಸರಿಪಡಿಸಿತು.

ಎಷ್ಟು ಸಲೀಸಾಗಿ ಸರಿಪಡಿಸಿತು! ಯಾರೂ ಹೇಳಿಕೊಡದಿದ್ದರೂ ಕೈಗೆ ಸುಳ್ಳು ಹೇಳಲು ಬರುತ್ತದೆ ಎಂಬುದು ಅವಳಿಗೆ ಆವತ್ತು ಗೊತ್ತಾದ ಸಂಗತಿ. ಶನಿವಾರ ಹೇಳುತ್ತೇನೆ ಎಂದುಕೊಂಡಳು, ಭಾನುವಾರ ಚರ್ಚಿನಲ್ಲಿ ಎರಡು ಸಾಲು ಮುಂದೆ ಕೋರಾಲೀಯ ಬೆನ್ನು ನೋಡುತ್ತ ನಾಳೆ ಎಂದುಕೊಂಡಳು. ಸೋಮವಾರ ಬರ್ಡಿಯನ್ನು ಮೇಲೆ ಹತ್ತಿಸಿದರು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಯಾಕೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಈಗ ಉತ್ತರ ಬೇಕು. ಒಂದು ದಿನ ಕಳೆದರೆ ತಪ್ಪು ಒಂದಲ್ಲ, ಎರಡಾಗುತ್ತದೆ. ಜೊತೆಗೆ, ಮುಗಿದ ಮಾತು ಎತ್ತಬಾರದು ಎಂಬುದೇ ತಂಡದ ನಿಯಮವಲ್ಲವೇ? ಎತ್ತಿದರೆ ನಿಯಮ ಮುರಿದಂತೆ. ನಿಯಮದ ಬೆನ್ನ ಹಿಂದೆ ಅವಿತು ಕುಳಿತಿದ್ದೇನೆ ಎಂಬುದು ಅವಳಿಗೇ ತಿಳಿಯುತ್ತಿತ್ತು. "ರೋವೆನಾ, ಎರಡನೇ ಕಾರಣ ಹೇಳು," ಎಂದರು ಮೇಷ್ಟ್ರು. ಅವಳು ಎದ್ದು ನಿಂತಳು. ಯಾವುದರ ಎರಡನೇ ಕಾರಣ ಎಂದು ತಿಳಿಯಲಿಲ್ಲ. ತರಗತಿ ನಕ್ಕಿತು, ಅವಳೂ ನಕ್ಕಳು.

ಮಧ್ಯಾಹ್ನ ಊಟಕ್ಕೆ ಬೀನ್ಸ್ ಸಾರು, ಜೋಳದ ಬ್ರೆಡ್ಡು. ತಂಡದವರದು ಕಿಟಕಿ ಬದಿಯ ಉದ್ದ ಮೇಜು. ಕೋರಾಲೀ ಎದುರಿಗೇ ಕುಳಿತಿದ್ದಳು, ಪಕ್ಕದಲ್ಲಿ ಬರ್ಡಿ. ಒಂಬತ್ತನೇ ತರಗತಿಯ ಆ ಪುಟ್ಟ ಹುಡುಗಿ ಸೋಮವಾರದಿಂದ ಕೋರಾಲೀಯ ನೆರಳೇ ಆಗಿಬಿಟ್ಟಿದ್ದಳು. "ತಿನ್ನೇ," ಎನ್ನುತ್ತಿದ್ದಳು ಡೆಸ್ಸಾ ಅವಳಿಗೆ, "ಹೀಗೇ ಕೋಳಿ ಥರ ಕುಕ್ತಾ ಇದ್ರೆ ನಿನ್ನ ಎತ್ತುವಾಗ ಎಲ್ಲಿದೀಯ ಅಂತ ಹುಡುಕ್ಬೇಕು." ಟ್ವೈಲಾ, "ಇವಳನ್ನ ಎತ್ತೋದು ಸುಲಭ, ಇಳಿಸೋದು ಮರ್ತುಹೋಗುತ್ತೆ. ಶನಿವಾರ ಲೆಕ್ಸಿಂಗ್ಟನ್ನಲ್ಲೇ ಬಿಟ್ಟು ಬರ್ತೀವಿ ನೋಡು," ಎಂದಳು. ಕೋರಾಲೀ ನಗುತ್ತ ತನ್ನ ಬ್ರೆಡ್ಡಿನ ಅರ್ಧವನ್ನು ಮುರಿದು ಬರ್ಡಿಯ ತಟ್ಟೆಗೆ ಹಾಕಿದಳು. ಇನ್ನರ್ಧವನ್ನು ರೋವೆನಾಳ ತಟ್ಟೆಗೆ. "ನಂಗ್ ಬೇಡ," ಎಂದಳು ರೋವೆನಾ. "ತಿನ್ನೇ ಸಾಕು. ಕೆಳಗಿರೋರಿಗೆ ಶಕ್ತಿ ಬೇಕು. ನಾನೀಗ ಯಾರ ತಲೆ ಮೇಲೂ ಹತ್ತಲ್ವಲ್ಲ, ಕಡಿಮೆ ತಿಂದ್ರೆ ನಡೆಯುತ್ತೆ," ಎಂದು ಕೋರಾಲೀ ತಮಾಷೆಗೆ ಹೇಳಿದಳು. ಎಲ್ಲರೂ ನಕ್ಕರು. ಆಗಲೇ ಮಿಸ್ ವರ್ನಾ ಟ್ರೇ ಹಿಡಿದು ಮೇಜಿನ ಬಳಿ ಬಂದವರು, "ಯಾರಮ್ಮಾ ಅದು, ಕಾಲರ್ ಮೇಲೆ ಸಾರು ಚೆಲ್ಲಿಕೊಂಡಿರೋದು?" ಎಂದರು. ಚೆಲ್ಲಿಕೊಂಡವಳು ಟ್ವೈಲಾ. ಆದರೆ ಕುಂಬಳಕಾಯಿ ಕಳ್ಳನ ಕಥೆಯ ಹಾಗೆ ಕಾಲರ್ ಒರೆಸಿಕೊಂಡವಳು ರೋವೆನಾ. ಮಿಸ್ ವರ್ನಾ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಟ್ರೇ ಹಿಡಿದು ಮುಂದೆ ಹೋದರು. ಜೋಳದ ಬ್ರೆಡ್ಡು ಒಣಗಿತ್ತು; ಆದರೂ ಅವಳು ಪೂರ್ತಿ ತಿಂದಳು, ಬಿಟ್ಟರೆ ಕೋರಾಲೀ ಯಾಕೆ ಎಂದು ಕೇಳುತ್ತಾಳಲ್ಲ ಎಂದು.

ಮೂರು ಗಂಟೆಗೆ ಹದಿನಾರು ಜನವೂ ಸೇರಿ ನೀಲಿ ಮ್ಯಾಟುಗಳನ್ನು ಉರುಳಿಸಿಕೊಂಡು ಬ್ಯಾಸ್ಕೆಟ್‌ಬಾಲ್ ಅಂಕಣದ ನಡುವೆ ತಂದು ಹಾಸಿದರು. ಈ ಕೆಲಸ ರೋವೆನಾಳಿಗೆ ಇಷ್ಟ. ಮೊಣಕಾಲೂರಿ ಸಾಲಾಗಿ ಕುಳಿತು ಒಟ್ಟಿಗೇ ತಳ್ಳುವಾಗ ಯಾರ ಬಲ ಎಷ್ಟು ಎಂದು ತಿಳಿಯುವುದಿಲ್ಲ. ಮ್ಯಾಟು ತಾನೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಉಗುರು ಕತ್ತರಿಸಿದೆಯೇ, ಉಂಗುರ ತೆಗೆದಿದೆಯೇ ಎಂದು ಒಬ್ಬರು ಇನ್ನೊಬ್ಬರ ಕೈ ನೋಡಿದರು. ಡೆಸ್ಸಾ ರೋವೆನಾಳ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತ, "ಕೈ ಯಾಕೆ ಇಷ್ಟು ತಣ್ಣಗಿದೆಯೇ? ಸತ್ತೋರ ಥರ," ಎಂದಳು. ಮ್ಯಾಟಿನ ಅಂಚಿನಲ್ಲಿ ಕೋರಾಲೀ ಬರ್ಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಲಿಸು ಎಂದು ಮಿಸ್ ವರ್ನಾ ಹೇಳಿದ್ದರು, ಅವಳು ಮನಸ್ಸಿಟ್ಟು ಕಲಿಸುತ್ತಿದ್ದಳು. ತನ್ನ ಜಾಗಕ್ಕೆ ಬಂದವಳಿಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಕೊಟ್ಟುಬಿಡುವ ಹಾಗೆ. ಅವಳ ಅಂಗೈ ಬರ್ಡಿಯ ಮೊಣಕಾಲಿನ ಮೇಲಿತ್ತು.

"ಇಲ್ಲಿ ಗಟ್ಟಿ. ಹೊಟ್ಟೆ ಬಿಗಿ ಹಿಡಿ. ಕೆಳಗಿರೋರ ಬಗ್ಗೆ ಯೋಚ್ನೇನೇ ಮಾಡ್ಬೇಡ. ಅವರು ಬಿಡಲ್ಲ. ಎರಡು ವರ್ಷದಲ್ಲಿ ಒಂದು ಆಟದಲ್ಲೂ ಬಿಟ್ಟಿಲ್ಲ ನನ್ನ. ನೀನು ಸಡಿಲ ಆದ್ರೆ ಮಾತ್ರ ಬೀಳೋದು. ನಾನು ಸಡಿಲ ಆದೆ, ಬಿದ್ದೆ, ಅಷ್ಟೇ."

"ಭಯ ಆಯ್ತಾ ಅಕ್ಕಾ ಅವತ್ತು?"

"ಬೀಳುವಾಗ ಆಗ್ಲಿಲ್ಲ. ಆಮೇಲೆ ಆಯ್ತು. ಇದು ನನ್ ಕಾಲೇ ಹೌದೋ ಅಲ್ವೋ ಅನ್ನಿಸ್ತು. ನಂಗೆ ಗೊತ್ತಿಲ್ದೆ ಅದು ಹೇಗ್ ಬಾಗ್ತು ಹೇಳು? ರಾತ್ರಿ ಎಲ್ಲಾ ಅದನ್ನೇ ಯೋಚ್ನೆ ಮಾಡೋದು. ನಿಂಗೆ ಹಾಗಾಗಲ್ಲ ಬಿಡು. ಬಾ."

ರೋವೆನಾ ಎರಡು ಹೆಜ್ಜೆ ದೂರದಲ್ಲಿದ್ದಳು. ಪಟ್ಟಿ ಸುತ್ತಿದ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಇಷ್ಟು ದಿನ ತಾನು ಕದ್ದದ್ದು ಒಂದು ಜಾಗ, ಒಂದು ಶನಿವಾರ ಎಂದುಕೊಂಡಿದ್ದಳಲ್ಲ. ಅದಲ್ಲ. ಅವಳ ಕಾಲನ್ನೇ ಅವಳಿಂದ ಕಿತ್ತುಕೊಂಡಿದ್ದೇನೆ. ಈಗ ಆ ಸುಳ್ಳು ಬರ್ಡಿಗೂ ಪಾಠವಾಗುತ್ತಿದೆ, ಅದನ್ನು ಹೇಳಿಕೊಡುತ್ತಿರುವವಳೂ ಕೋರಾಲೀಯೇ. ಮಿಸ್ ವರ್ನಾ ಚಪ್ಪಾಳೆ ತಟ್ಟಿದರು. ನಾಲ್ವರೂ ಜಾಗಕ್ಕೆ ಬಂದರು. ಬರ್ಡಿಯ ಪಾದ ಅಂಗೈಗೆ ಬಂತು, ಏನು ಹಗುರ, ಗುಬ್ಬಿಯಷ್ಟು. ಒಂದು, ಎರಡು, ಮೇಲೆ. ರೋವೆನಾ ಮೇಲೆ ನೋಡಿದಳು, ಬರ್ಡಿಯ ಸೊಂಟ ಬಿಟ್ಟು ಕಣ್ಣು ಕದಲಿಸಲಿಲ್ಲ. ಐದು, ಆರು, ಏಳು, ಎಂಟು. ಬರ್ಡಿ ಚೆನ್ನಾಗಿ ನಿಂತಳು, ಚೆನ್ನಾಗಿ ಇಳಿದಳು. ಸುತ್ತಲಿನ ಹುಡುಗಿಯರು ಕೇಕೆ ಹಾಕಿದರು; ಎಲ್ಲರಿಗಿಂತ ಜೋರಾಗಿ ಕೋರಾಲೀ. ಎಲ್ಲ ಸರಿಯಾಗಿತ್ತು. ಯಾರೂ ಬಿದ್ದಿರಲಿಲ್ಲ. ಆಗ ರೋವೆನಾಳ ಬಲಗೈ ಎದ್ದಿತು. ಸೊಂಟ ದಾಟಿತು, ಭುಜ ದಾಟಿತು, ತಲೆಯ ಮೇಲೆ ನಿಂತಿತು.

"ನಂದು," ಎಂದಳು.

"ಏನಮ್ಮ ನಿಂದು?" ಎಂದರು ಮಿಸ್ ವರ್ನಾ. "ಯಾರೂ ಬೀಳ್ಲಿಲ್ವಲ್ಲ."

"ಶುಕ್ರವಾರದ್ದು ಮಿಸ್." ಎಂದಳು ರೋವೆನಾ. "ನಾನು ಕ್ಯಾಮೆರಾ ಕಡೆ ನೋಡ್ದೆ. ಫೋಟೋದಲ್ಲಿ ಮುಖ ಬರ್ಲಿ ಅಂತ. ಕೈ ಇಳೀತು. ಅವಳ ಮೊಣಕಾಲಲ್ಲ ಅದು. ನಂದು."

ಡೆಸ್ಸಾ ಬಾಯಿ ಬಿಟ್ಟುಕೊಂಡು ನಿಂತಳು. ಕೋರಾಲೀ ಮ್ಯಾಟಿನ ಅಂಚಿನಿಂದ ಎದ್ದು ಬಂದಳು, ನಿಧಾನವಾಗಿ. ಎರಡೂ ಕಾಲೂರಿ ಇವಳ ಎದುರಿಗೆ ನಿಂತಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಳು ರೋವೆನಾ. ಕೋರಾಲೀ ತನ್ನ ಎಡ ಮೊಣಕಾಲನ್ನು ಬಗ್ಗಿ ಮುಟ್ಟಿ ನೋಡಿಕೊಂಡಳು.

"ಆರು ದಿನ ಕಣೇ," ಎಂದಳು. "ಆರು ದಿನ ಇದನ್ನ ಬೈದಿದೀನಿ ನಾನು. ಹಲ್ಲುಜ್ಜುವಾಗ್ಲೂ ಒಂಟಿ ಕಾಲಲ್ಲಿ ನಿಂತಿದೀನಿ. ನಮ್ಮಪ್ಪನ ಹತ್ರ ಅತ್ತಿದೀನಿ. ಬೆಳಗ್ಗೆ ನಿನ್ನೇ ಕೇಳ್ದೆ, ಬಾಗ್ತಿದೆಯಾ ಅಂತ. ನಿನ್ನೇ ಕೇಳ್ದೆನಲ್ಲೇ!"

ರೋವೆನಾಳ ಎತ್ತಿದ ಕೈ ಇನ್ನೂ ಮೇಲೆಯೇ ಇತ್ತು, ಇಳಿಸುವುದು ಯಾವಾಗ ಎಂದು ತಿಳಿಯಲಿಲ್ಲ. ಆಗ, ಎಂದೂ ಆಗದಿದ್ದದ್ದು ಒಂದು ಆಯಿತು. ಮಿಸ್ ವರ್ನಾ, ಇಪ್ಪತ್ತಾರು ವರ್ಷ ತಂಡ ಕಟ್ಟಿದವರು, ಕುತ್ತಿಗೆಯ ಸೀಟಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಎತ್ತಿದರು. "ಇನ್ನೊಂದಿದೆ," ಎಂದರು. "ನಿನ್ನೆ ಸಂಜೆ ಪೇಪರ್ ನೋಡಿದಾಗ್ಲೇ ನಂಗೆ ಗೊತ್ತಾಯ್ತು, ಇವಳ ಕಣ್ಣು ಎಲ್ಲಿತ್ತು ಅಂತ. ಇವಳಾಗೇ ಹೇಳ್ಲಿ, ಆಗ್ಲೇ ಇವಳಿಗೆ ಒಳ್ಳೇದು ಅಂತ ಇವತ್ತೆಲ್ಲ ಬಾಯಿ ಮುಚ್ಕೊಂಡಿದ್ದೆ. ಇವಳ ಒಳ್ಳೇದು ನೋಡ್ತಾ ನಿನ್ನ ಮರ್ತೆ ಕೋರಾಲೀ. ನಿನ್ನೇನೇ ಫೋನ್ ಮಾಡಿ ನಿಂಗೆ ಹೇಳ್ಬೇಕಿತ್ತು. ಎಲ್ಲರೆದುರಿಗೆ ನಿನ್ನ ಅಂದೋಳೂ ನಾನೇ. ಅದು ನಂದು."

ಕೋರಾಲೀ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಗಾಳಿಯಲ್ಲಿ ಎರಡು ಕೈ. ಅವಳ ತುಟಿ ಸೊಟ್ಟಗಾಯಿತು. ಅಳುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ನಕ್ಕಳು. ಒಳ್ಳೆಯ ನಗುವಲ್ಲ.

"ಚೆನ್ನಾಗಿದೆ ಮಿಸ್. ಒಬ್ಬೊಬ್ರೂ ನಂದು, ನಂದು ಅಂತೀರಿ," ಎಂದಳು. "ಬಿದ್ದಿದ್ದು ಮಾತ್ರ ನಾನು."

ಮಿಸ್ ವರ್ನಾ ಕೈ ಇಳಿಸಿದರು. ರೋವೆನಾ ಕೂಡ ಇಳಿಸಿದಳು. ಆಮೇಲೆ ಮಿಸ್ ವರ್ನಾ ಮೆಲ್ಲಗೆ, "ಶನಿವಾರ ಮೇಲೆ ನೀನೇ. ಬರ್ಡಿ, ಏನಮ್ಮ?" ಎಂದರು. "ಅಬ್ಬಾ, ನಾನು ಉಳಕೊಂಡೆ," ಎಂದಳು ಬರ್ಡಿ, ಅಷ್ಟು ಮನಸಾರೆ ಎಂದಳೆಂದರೆ ಡೆಸ್ಸಾಳಿಗೆ ನಗು ತಡೆಯಲಾಗಲಿಲ್ಲ. "ಕೆಳಗೆ ಯಾರು ಬೇಕು ನೀನೇ ಹೇಳು," ಎಂದರು ಮಿಸ್ ವರ್ನಾ ಕೋರಾಲೀಗೆ. "ನೀನು ಯಾರ ಹೆಸರು ಹೇಳ್ತೀಯೋ ಅವರು. ರೋವೆನಾ ಹೊರಗೆ ಕೂತು ಎಣಿಸ್ಲಿ ಅಂದ್ರೂ ಸರಿ." ಅದು ಸರಿಯೇ ಎಂದು ರೋವೆನಾಳಿಗೂ ಅನ್ನಿಸಿತು. ಹೊರಗೆ ಕೂರುವುದು ಸುಲಭ. ಶಿಕ್ಷೆ ಎಂದು ಹೆಸರಿದ್ದರೂ ಅದೊಂದು ಬಿಡುಗಡೆ. ಮನೆಗೆ ಹೋಗಿ ಫೋಟೋ ಕಿತ್ತು, ಅಮ್ಮನಿಗೆ ಹೇಳಿ, ಅತ್ತು, ಮುಗಿಸಿಬಿಡಬಹುದು. ಹಾಗೆ ಆಗಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡದ್ದೂ ನಿಜ. ಕೋರಾಲೀ ಹುಡುಗಿಯರ ಸಾಲನ್ನು ಒಮ್ಮೆ ನೋಡಿದಳು, ಸಂತೆಯಲ್ಲಿ ವ್ಯಾಪಾರ ಮಾಡುವವಳಂತೆ, ಸಾವಕಾಶವಾಗಿ.

"ಇವಳೇ ಇರ್ಲಿ," ಎಂದಳು. "ಎರಡು ದಿನದಲ್ಲಿ ಬೇರೆಯವರ ಕೈ ನಂಗೆ ಪಳಗಲ್ಲ. ಆದ್ರೆ ಮುಗೀತು ಅಂತ ಯಾರೂ ಅನ್ಬೇಡಿ ಮಿಸ್. ನಂಗೆ ಮುಗಿದಿಲ್ಲ. ಏ ರೋ, ಬಾ, ನಿಲ್ಲು."

ನಾಲ್ವರೂ ನಿಂತರು. ಕೋರಾಲೀ ಟ್ವೈಲಾಳ ಭುಜಕ್ಕೆ ಒಂದು ಕೈ, ರೋವೆನಾಳ ಭುಜಕ್ಕೆ ಒಂದು ಕೈ ಊರಿದಳು. ಒಂದು, ಎರಡು ಎಂದರು ಮಿಸ್ ವರ್ನಾ. ಗೊತ್ತಿದ್ದ ಭಾರ ಅಂಗೈಗೆ ಬಂತು, ಬಿಳಿ ಬೂಟಿನ ಹಿಮ್ಮಡಿ ಹಳೆಯ ಜಾಗದಲ್ಲೇ ಕುಳಿತಿತು. ಮೇಲೆ ಹೋಯಿತು. ರೋವೆನಾ ಸೊಂಟದಲ್ಲಿ ಕಣ್ಣು ನೆಟ್ಟಳು. ಆಗ ಅವಳಿಗೆ ತಿಳಿಯಿತು, ಹಿಮ್ಮಡಿ ನಡುಗುತ್ತಿದೆ. ಎರಡು ವರ್ಷದಲ್ಲಿ ಒಮ್ಮೆಯೂ ನಡುಗದಿದ್ದ ಹಿಮ್ಮಡಿ, ಈ ಆರು ದಿನ ಎಲ್ಲೆಂದರಲ್ಲಿ ಕಂಬದ ಹಾಗೆ ನಿಂತಿದ್ದ ಕಾಲು, ಈಗ ಇವಳ ಕೈಗೆ ಬಂದ ಮೇಲೆ ಸಣ್ಣಗೆ, ಬಿಡದೆ ನಡುಗುತ್ತಿತ್ತು. ಬೂಟಿನೊಳಗೆ ಬೆರಳುಗಳು ಬಿಗಿಯಾಗಿ ಹಿಡಿದುಕೊಳ್ಳಲು ಏನನ್ನೋ ಹುಡುಕುತ್ತಿದ್ದವು. ಬಲಗಾಲು ಎತ್ತಬೇಕಾದದ್ದು ಐದಕ್ಕೆ. ನಾಲ್ಕಾದಾಗ ಮೇಲಿನಿಂದ ಸಣ್ಣ ದನಿಯೊಂದು ಬಂತು. ಮೇಲಿನವಳು ಮೇಲೆ ನಿಂತಾಗ ಮಾತಾಡುವ ರೂಢಿಯೇ ಇಲ್ಲ.

"ಹಿಡ್ದಿದೀಯಾ?"

"ಹಿಡ್ದಿದೀನಿ," ಎಂದಳು ರೋವೆನಾ.

ಐದು. ಬಲಗಾಲು ಎದ್ದಿತು, ಇಡೀ ಭಾರ ಎಡ ಹಿಮ್ಮಡಿಗೆ ಇಳಿಯಿತು.

"ಹಿಡ್ದಿದೀಯಾ ರೋ?"

"ಹಿಡ್ದಿದೀನಿ."

ಆರು. ಏಳು. ಪ್ರತಿ ಎಣಿಕೆಗೂ ಅದೇ ಪ್ರಶ್ನೆ, ಪ್ರತಿ ಎಣಿಕೆಗೂ ಅದೇ ಉತ್ತರ. ಯಾರೂ ನಗಲಿಲ್ಲ, ಡೆಸ್ಸಾ ಕೂಡ. ಎಂಟು ಮುಗಿದ ಮೇಲೂ ಮಿಸ್ ವರ್ನಾ ಇಳಿಸಿ ಎನ್ನಲಿಲ್ಲ. ಒಂದರಿಂದ ಮತ್ತೆ ಎಣಿಸತೊಡಗಿದರು. ರೋವೆನಾಳ ತೋಳು ಉರಿಯುತ್ತಿತ್ತು, ಬೆವರು ಕಣ್ಣಿಗೆ ಇಳಿಯಿತು, ಅವಳು ಒರೆಸಿಕೊಳ್ಳುವ ಹಾಗಿರಲಿಲ್ಲ. ಹಿಮ್ಮಡಿಯ ನಡುಕ ನಿಂತಿರಲಿಲ್ಲ. ನಿಲ್ಲುವ ತನಕ, ಅದು ಇವತ್ತೋ ಶನಿವಾರವೋ ಇನ್ನೆಂದೋ, ಹೇಳುತ್ತಲೇ ಇರಬೇಕು ಎಂದು ಅವಳಿಗೆ ಅರ್ಥವಾಯಿತು. ಮೇಲಿನಿಂದ ಮತ್ತೆ ಕೇಳಿದಳು ಕೋರಾಲೀ. ರೋವೆನಾ ಮತ್ತೆ ಹೇಳಿದಳು.